ಎರಡು-ಎರಡರ ಹಸಿರು ಬಳೆ

"ನಿಮ್ಮಪ್ಪಗ ದೇವದುರ್ಗದಾಗ ಇನ್ನೊಂದು ಮನಿ ಅದ ಬೇ. ನಾ ಕಣ್ಣಾರೆ ನೋಡಿ ಬಂದೀನಿ."

ಇಷ್ಟು ಹೇಳಿ ಮೂಕಮ್ಮ ರೊಟ್ಟಿ ಮುರಿದು, ಶೇಂಗಾ ಚಟ್ನಿಯಲ್ಲಿ ಹೊರಳಿಸಿ ಬಾಯಿಗಿಟ್ಟಳು. ರಾಯಚೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಎಂಟನೇ ಕೋಣೆ, ಸೋಮವಾರ ಬೆಳಿಗ್ಗೆ ಎಂಟೂವರೆ. ಜಾಹೆದಾ ಒಂದು ಜಡೆ ಹೆಣೆದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದಳು. ಕೈ ಅಲ್ಲೇ ನಿಂತಿತು.

"ನಮ್ಮ ಅಬ್ಬಾ ತೀರಿಕೊಂಡು ಹತ್ತು ತಿಂಗಳಾತಲೇ."

"ಹಂಗಾರ ಇತ್ತು ಅನಬೇಕಿತ್ತು, ತಪ್ಪಾತು. ಇನ್ನೊಂದು ಮನಿ ಇತ್ತು."

ಮಗಳಿಗೆ ಮೂಕಮ್ಮ ಎಂದು ಹೆಸರಿಟ್ಟ ಗಬ್ಬೂರಿನ ಆ ಹಿರಿಯರು ಯಾವ ಧೈರ್ಯದ ಮೇಲೆ ಇಟ್ಟರೋ ಗೊತ್ತಿಲ್ಲ. ನಿದ್ದೆಯಲ್ಲೂ ಅವಳ ಬಾಯಿಗೆ ರಜೆ ಇರಲಿಲ್ಲ. ಭಾನುವಾರ ದೇವದುರ್ಗದ ದೊಡ್ಡವ್ವನ ಮನೆಗೆ ಹೋಗಿದ್ದವಳು ಮೊದಲ ಬಸ್ಸಿಗೆ ವಾಪಸ್ ಬಂದು, ಚೀಲ ಇಳಿಸುವ ಮೊದಲು ಸುದ್ದಿ ಇಳಿಸಿದ್ದಳು.

"ದೊಡ್ಡವ್ವನ ಹಿಂದಿನ ಓಣ್ಯಾಗ ಒಂದು ಮನಿ. ಗ್ವಾಡಿಮ್ಯಾಲ ನಿಮ್ಮಪ್ಪನ ಫೋಟೋ. ನಿನ್ನ ಟ್ರಂಕಿನ್ಯಾಗ ಇರೋ ಫೋಟೋನ ಅದು. ಮಾಲಿ ಹಾಕ್ಯಾರ, ಊದಿನಕಡ್ಡಿ ಹಚ್ಯಾರ. ಕುಂಕುಮ ಬ್ಯಾರೆ."

"ನಮ್ಮ ಅಬ್ಬಾಗ ಕುಂಕುಮಾ?"

"ಹಣಿ ತುಂಬ. ಚಲೋನ ಕಾಣ್ತಾರ. ಯಾರ ಮನಿ ಅಂತ ಕೇಳಿದ್ರ ದೊಡ್ಡವ್ವ ಏನಂದ್ಲು ಗೊತ್ತದೇನು, ಅದು ಮಾನ್ವಿ ಡಾಕ್ಟರ್ ಮನಿ ಅಂದ್ಲು. ವರ್ಷಾ ಪಂಚಮಿಗಿ ಉಂಡಿ, ಬಳಿ ಕಟ್ಕೊಂಡು ಸ್ಕೂಟರ್ ಮ್ಯಾಲ ಬರ್ತಿದ್ದರಂತ. ಹೊರಸಿನ ಮ್ಯಾಲ ಕುಂತು, ಚಾ ಕುಡುದು, ನಕ್ಕೋಂತ ಹೋಗ್ತಿದ್ದರಂತ."

ಉಂಡಿಯಾದರೆ ಯಾರಿಗಾದರೂ ಕೊಡಬಹುದು. ಹಬ್ಬಕ್ಕೆ ಒಂದು ಹೆಣ್ಣಿಗೆ ಬಳೆ ತರುವವನು ಒಂದೋ ಗಂಡ, ಇಲ್ಲವೇ ತವರಿನವನು. ಜಾಹೆದಾಳ ಅಬ್ಬಾಗೆ ಅಕ್ಕನೂ ಇರಲಿಲ್ಲ, ತಂಗಿಯೂ ಇರಲಿಲ್ಲ. ಅವಳು ಅರ್ಧ ಹೆಣೆದ ಜಡೆಯನ್ನು ಕೈಯಿಂದ ಬಿಟ್ಟುಬಿಟ್ಟಳು.

ಮಾನ್ವಿಯಲ್ಲಿ ಡಾಕ್ಟರ್ ಗುಲಾಮ್ ದಸ್ತಗೀರ್ ಎಂದರೆ ಹೆಂಡತಿಯ ಡಾಕ್ಟರ್ ಎಂದೇ ಹೆಸರು. ಸುಗ್ರಾ ಬೇಗಂಗೆ ಧೂಳು ಬಿದ್ದರೆ ದಮ್ಮು ಏಳುತ್ತಿತ್ತು. ಅದಕ್ಕೇ ಆಕೆ ಏಳುವ ಮೊದಲು ಡಾಕ್ಟರರೇ ಮನೆ, ಅಂಗಳ ಎಲ್ಲ ಗುಡಿಸಿ ನೀರು ಹೊಡೆಯುತ್ತಿದ್ದರು. ಬೆಳಿಗ್ಗೆ ಬೇಗ ಬಂದ ರೋಗಿಗಳು ಡಾಕ್ಟರರನ್ನು ಮೊದಲು ಕಂಡಿದ್ದೇ ಕಸಬರಿಗೆಯ ಸಮೇತ. ಕಸಬರಿಗೆ ಬಗಲಲ್ಲಿ ಒತ್ತಿಕೊಂಡೇ, ನಾಲಗಿ ತೆಗಿ ನೋಡೋಣು, ಎನ್ನುತ್ತಿದ್ದರು. ಊರಿನ ಗಂಡಸರು ನಕ್ಕರು. ಹೆಂಗಸರು ಮಾತ್ರ ಮನೆಗೆ ಹೋಗಿ ತಮ್ಮ ತಮ್ಮ ಗಂಡಂದಿರ ಮುಂದೆ ಒಂದೊಂದು ಕಸಬರಿಗೆ ತಂದು ಇಟ್ಟರು.

ಆದರೆ ಜಾಹೆದಾ ಹೆದರಿದ್ದು ಬೇರೆ ಕಾರಣಕ್ಕೆ. ಅಬ್ಬಾ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಷ್ಟು ಚೊಕ್ಕಟವಾಗಿ ಸುಳ್ಳು ಹೇಳುವವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರ ಅರ್ಧ ವೈದ್ಯವೃತ್ತಿ ನಡೆಯುತ್ತಿದ್ದುದೇ ಸುಳ್ಳಿನ ಮೇಲೆ. ಕಲ್ಲೂರಿನ ಪಕೀರಪ್ಪನಿಗೆ ಟೈಫಾಯಿಡ್ ಆಗಿತ್ತು. ಮಲಗು ಎಂದರೆ ಎದ್ದು ಹೊಲಕ್ಕೆ ಹೋಗುತ್ತಿದ್ದ. ಡಾಕ್ಟರರು ಅವನ ಎರಡೂ ಧೋತರ ಮಡಚಿ, ಇವನ್ನ ಹೈದರಾಬಾದಿಗಿ ಪರೀಕ್ಷಾಕ್ಕ ಕಳಿಸಬೇಕು, ಎಂದು ಚೀಲದಲ್ಲಿ ಹಾಕಿಕೊಂಡು ಬಂದರು. ಪಕೀರಪ್ಪ ಹನ್ನೆರಡು ದಿನ ಕೌದಿ ಹೊದ್ದು ಮಲಗಿಯೇ ಇದ್ದ, ಗುಣವೂ ಆದ. ರಕ್ತವಿಲ್ಲದೆ ಬಿಳಿಚಿಕೊಂಡ ಸೊಸೆಯರಿಗೆ ಕೊಡುವ ಗುಳಿಗೆಗೆ ಇನ್ನೊಂದು ಸುಳ್ಳು. "ಇದು ಬಾಳ ಬಿಸಿ ಗುಳಿಗಿ. ಇದರ ಮ್ಯಾಲ ದಿನಾ ಒಂದು ಲೋಟ ಹಾಲು ಬೀಳಲಿಲ್ಲಂದ್ರ ಅದರ ಹಬಿ ಹೋಗಿ ಅತ್ತಿ ಕಣ್ಣಿಗಿ ಹೊಡೀತದ." ತಾಲೂಕಿನ ಅತ್ತೆಯರೆಲ್ಲ ಎದ್ದು ಕೂತು ಸೊಸೆಯರಿಗೆ ಹಾಲು ಕುಡಿಸಿದರು.

ಊರಿಗೆಲ್ಲ ಸುಳ್ಳು ಹೇಳಿದವರು ಮನೆಗೆ ಹೇಳಿರಲಿಕ್ಕಿಲ್ಲವೇ?

"ನೀ ಇದನ್ನ ಯಾರಿಗೂ ಹೇಳಿಲ್ಲ ಹೌದಿಲ್ಲೋ?" ಜಾಹೆದಾ ಕೇಳಿದಳು.

"ನಾ ಯಾಕ ಹೇಳಲಿ. ಯಾರಿಗೂ ಹೇಳಿಲ್ಲ. ಅಡಗಿ ಅಕ್ಕಗ ಹೇಳೀನಿ. ಮತ್ತ ಬಸ್ಸಿನ್ಯಾಗ ಬಾಜೂಕ ಕುಂತಾಕಿಗಿ, ಆಕಿ ಹ್ಯಾಂಗೂ ಗುರ್ತಿನಾಕಿ ಅಲ್ಲ."

"ಹೆಂಗಿದ್ಲು ಆಕಿ?"

"ಮೂಗಿನ್ಯಾಗ ಇಷ್ಟು ದೊಡ್ಡ ನತ್ತು. ನಾ ಒಂದು ಮಾತು ಹೇಳಿದ್ರ ನಾಕು ಸಲ ತೋಬಾ ತೋಬಾ ಅಂತಿದ್ಲು. ರಾಯಚೂರಾಗ ಕೆಲಸ ಮುಗಿಸ್ಕೊಂಡು ಮಧ್ಯಾಹ್ನ ಮಾನ್ವಿಗಿ ಹೋಗ್ತಾಳಂತ."

ಜಾಹೆದಾಗೆ ಗುರ್ತು ಹತ್ತಿತು. ಆ ನತ್ತು, ಆ ತೋಬಾ, ಮಾನ್ವಿಯಲ್ಲಿ ಅವರ ಮನೆಗೆ ಗೋಡೆಗೆ ಗೋಡೆ ಹತ್ತಿಕೊಂಡ ಮುನವ್ವರ್ ಬೀಯದು. ಆಕೆಯ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಅಮ್ಮಿಗೆ ಮುಟ್ಟದೆ ಇರುವುದಿಲ್ಲ. ಅಬ್ಬಾ ಹೋದಾಗಿನಿಂದ ಅಮ್ಮಿ ಅವರ ಕೈಗಡಿಯಾರವನ್ನು ತನ್ನ ಮುಂಗೈಗೆ ಕಟ್ಟಿಕೊಂಡಿದ್ದಳು. ದಿನಾ ಬೆಳಿಗ್ಗೆ ನಮಾಜು ಮುಗಿಸಿ ಅದಕ್ಕೆ ಕೀಲಿ ಕೊಡುತ್ತಿದ್ದಳು. ಇದು ನಡಿಯೋತನಕ ಅವರೂ ಮನಿಯಾಗ ನಡೆದಾಡಿದಂಗ, ಎಂದು ಒಮ್ಮೆ ಹೇಳಿದ್ದಳು. ಆ ಅಮ್ಮಿಯ ಮುಂದೆ ಮುನವ್ವರ್ ಬೀ ಹೋಗಿ ನಿಂತು ತೋಬಾ ಎಂದರೆ?

"ಸಂಜಿ ಆಗೋದ್ರೊಳಗ ಖರೇ ಏನು ಅಂತ ನನಗ ಗೊತ್ತಾಗಬೇಕು," ಎಂದಳು ಜಾಹೆದಾ. "ಏಳು. ಚಪ್ಪಲಿ ಹಾಕ್ಕೋ."

"ನಾ ಯಾಕ?"

"ಊರಿಗಿ ಬೆಂಕಿ ಹಚ್ಚಿದಾಕಿ ನೀನ ಅಲ್ಲೇನು. ಕೊಡ ಹೊರಾಕೂ ನೀನ ಬರಬೇಕು."

ಮೂಕಮ್ಮ ಉಳಿದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಖುಷಿಯಿಂದಲೇ ಹೊರಟಳು. ಅವತ್ತು ಇತಿಹಾಸದ ಕ್ಲಾಸ್ ಇತ್ತು.

ಮಾನ್ವಿಗೆ ಬಂದು ಇಳಿದಾಗ ಹನ್ನೊಂದು ಗಂಟೆ. ಜಾಹೆದಾ ತಲೆಯ ಮೇಲಿನ ಓಢಣಿಯನ್ನು ಮೂಗಿನ ತನಕ ಎಳೆದುಕೊಂಡು, ತಮ್ಮ ಓಣಿಯ ಬಾಯಿ ತಪ್ಪಿಸಿ ಬಜಾರಿನ ಹಿಂದಿನಿಂದ ನಡೆದಳು. ಹೋಗಬೇಕಾಗಿದ್ದುದು ಬಳೆಗಾರ ಸತ್ತಾರ್ ಸಾಬ್‌ರ ಅಂಗಡಿಗೆ. ಅಬ್ಬಾ ಬಳೆ ಕೊಂಡಿದ್ದರೆ ಅಲ್ಲೇ ಕೊಂಡಿರಬೇಕು.

ಸತ್ತಾರ್ ಸಾಬ್‌ಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂದವಾಗಿತ್ತು. ಆದರೆ ಕೈ ಹಿಡಿದರೆ ಸಾಕು, ಯಾರ ಮಗಳು, ಯಾರ ಸೊಸೆ ಎಂದು ಹೇಳುತ್ತಿದ್ದರು. ಬಳೆಯ ಅಳತೆಯಲ್ಲಿ ಎರಡು-ಎರಡು ಎಂದರೆ ತೀರ ಸಣ್ಣ ಕೈ, ಎರಡು-ಎಂಟು ಎಂದರೆ ದೊಡ್ಡ ಕೈ, ನಡುವೆ ಎರಡು-ನಾಕು, ಎರಡು-ಆರು. ಊರಿನ ಹೆಂಗಸರ ಹೆಸರು ಅವರಿಗೆ ಮರೆತಿದ್ದರೂ ಅಳತೆ ಮರೆತಿರಲಿಲ್ಲ.

ಜಾಹೆದಾ ಮಾತಾಡದೆ ಕೈ ಚಾಚಿದಳು. ಮುದುಕರು ಅವಳ ನಾಲ್ಕು ಬೆರಳು ಒತ್ತಿ ನೋಡಿದರು.

"ಎರಡು-ನಾಕು. ದಸ್ತಗೀರ್ ಡಾಕ್ಟರ್ ಮಗಳು. ಹಾಸ್ಟೆಲ್ಲಿನ್ಯಾಗ ಊಟ ಸರಿಯಿಲ್ಲ, ಹೆಬ್ಬೆಟ್ಟಿನ ಬುಡ ಒಣಗ್ಯಾದ."

"ಚಾಚಾ, ಅಬ್ಬಾ ಪಂಚಮಿಗಿ ನಿಮ್ಮ ಹತ್ರ ಬಳಿ ತಗೊಂತಿದ್ದರೇನು?"

ಸತ್ತಾರ್ ಸಾಬ್ ಕೈ ಬಿಟ್ಟರು. "ಬಳಿಗಾರ ಮಂದಿ ಮನಿ ಗುಟ್ಟು ಬಾಯಿಬಿಟ್ರ ಅವನ ಅಂಗಡಿ ನಡಿಯೂದಿಲ್ಲ ಬೇಟಿ."

"ಬ್ಯಾಡ ಬಿಡ್ರಿ ಚಾಚಾ," ಎಂದಳು ಮೂಕಮ್ಮ. "ನಿಮಗ ವಯಸ್ಸಾಗ್ಯಾದ. ನೆನಪಿರಂಗಿಲ್ಲ."

ಬಾಣ ನೆಟ್ಟಗೆ ಹೋಗಿ ನಾಟಿತು. ಮುದುಕರು ಗೂಡಿನೊಳಗಿಂದ ಅರ್ಧ ದೇಹ ಹೊರಗೆ ತಂದರು. "ಯಾರ್ಗೆ ನೆನಪಿಲ್ಲ? ನಿಮ್ಮ ಅಮ್ಮಿಗಿ ಎರಡು-ಆರು, ರಮ್ಜಾನಿಗಿ, ಕೆಂಪು, ಬಂಗಾರದ ಚುಕ್ಕಿ. ಪಂಚಮಿ ಮುಂದ ಹಸಿರು. ಎರಡು-ಎರಡು ಒಂದು ಡಜನ್. ಅಷ್ಟು ಸಣ್ಣ ಕೈ ಈ ತಾಲೂಕಿನ್ಯಾಗ ಇಲ್ಲ. ಯಾರ್ದು ಡಾಕ್ಟರ್ ಸಾಬ್ ಅಂತ ಕೇಳಿದ್ರ ನಗತಿದ್ರು. ಅದಷ್ಟ ಅಲ್ಲ ಬೇಟಿ, ಇನ್ನೂ..."

ಇನ್ನೂ ಕೇಳುವ ಶಕ್ತಿ ಜಾಹೆದಾಗೆ ಇರಲಿಲ್ಲ. ಅವಳಾಗಲೇ ಬಜಾರಿನ ಅರ್ಧಕ್ಕೆ ಮುಟ್ಟಿದ್ದಳು. ನೆನಪಿನ ಪರೀಕ್ಷೆಯಲ್ಲಿ ಪಾಸಾದ ಮುದುಕರು ಹಿಂದಿನಿಂದ ಕರೆಯುತ್ತಲೇ ಇದ್ದರು. ಮೂಕಮ್ಮ ಎರಡೂ ಕಡೆ ನೋಡಿ, ಕೊನೆಗೆ ಗೆಳತಿಯ ಹಿಂದೆ ಓಡಿದಳು.

ದೇವದುರ್ಗದ ಬಸ್ಸಿನಲ್ಲಿ ಜಾಹೆದಾ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಎರಡು-ಎರಡು. ಹೂವಿನಂಥ ಕೈ ಇರಬೇಕು. ತೆಳ್ಳಗೆ, ಬೆಳ್ಳಗೆ ಇರಬೇಕು. ಅಮ್ಮಿಯ ಕೈ ಹಿಟ್ಟು ನಾದಿ ನಾದಿ ಅಗಲವಾಗಿತ್ತು. ಅವಳಿಗೆ ಇನ್ನೊಂದು ನೆನಪಾಯಿತು. ಪಂಚಮಿ ಇನ್ನೂ ನಾಲ್ಕು ದಿನ ಇರುವಾಗಲೇ ರೋಗಿಗಳು ಡಾಕ್ಟರ್ ಮನೆಗೆ ಉಂಡಿ ತರುತ್ತಿದ್ದರು. ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ. ಬಿಸ್ಕತ್ತಿನ ದೊಡ್ಡ ಡಬ್ಬಿ ತುಂಬುತ್ತಿತ್ತು. ಎರಡು ದಿನದಲ್ಲಿ ಡಬ್ಬಿ ಖಾಲಿ.

"ಉಂಡಿ ಎಲ್ಲಿ ಹೋದವು?" ಅಮ್ಮಿ ಕೇಳುತ್ತಿದ್ದಳು.

"ನಾನ ತಿಂದೆ," ಅಬ್ಬಾ ತಲೆ ತಗ್ಗಿಸಿ ಹೇಳುತ್ತಿದ್ದರು.

ಸಕ್ಕರೆ ಕಾಯಿಲೆ ಇರುವ ಡಾಕ್ಟರ್ ನಲವತ್ತು ಉಂಡಿ ತಿಂದರೆ ಶಿಕ್ಷೆ ಬೇಡವೇ? ಅಮ್ಮಿ ಒಂದು ತಿಂಗಳು ದಿನಾ ಹಾಗಲಕಾಯಿ ಮಾಡಿ ಬಡಿಸುತ್ತಿದ್ದಳು. ಅಬ್ಬಾ ಮುಖ ಹಿಂಡಿಕೊಂಡು, ಒಂದು ಮಾತೂ ಆಡದೆ ತಿನ್ನುತ್ತಿದ್ದರು. ವರ್ಷಾ ವರ್ಷಾ ಇದೇ ಕಥೆ. ಆ ಉಂಡಿಗಳು ಎಲ್ಲಿಗೆ ಹೋದವು ಎಂದು ಈಗ ಗೊತ್ತಾಯಿತು. ಎರಡು-ಎರಡು ಕೈಯವಳು ಎಳ್ಳುಂಡಿ ತಿನ್ನಲಿ ಎಂದು ಅಬ್ಬಾ ಮೂವತ್ತು ದಿನ ಹಾಗಲಕಾಯಿ ತಿಂದಿದ್ದರು. ಅಮ್ಮಿಗಾಗಿ ಯಾವತ್ತಾದರೂ ಅಷ್ಟು ತಿಂದಿದ್ದರೇ?

"ಅಳಬ್ಯಾಡ," ಎಂದಳು ಮೂಕಮ್ಮ. "ರೊಟ್ಟಿ ತಿಂತಿಯೇನು?"

ಒಂದೂವರೆಗೆ ದೇವದುರ್ಗದಲ್ಲಿ ಇಳಿದರು. ಕಾಲೇಜಿನಿಂದ ಹೆಣ್ಣುಮಕ್ಕಳ ಆರೋಗ್ಯದ ಮಾಹಿತಿ ಬರೆದುಕೊಳ್ಳಲು ಬಂದಿದ್ದೇವೆ ಎನ್ನುವುದು, ಕೈ ನೋಡುವುದು, ಅಳತೆ ಹೊಂದಿದರೆ ಅಲ್ಲೇ ಕೇಳಿಬಿಡುವುದು, ಇಷ್ಟು ಜಾಹೆದಾಳ ಯೋಜನೆ. ಸುಳ್ಳು ಹೇಳುವುದು ರಕ್ತದಲ್ಲೇ ಬಂದಿದೆ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ.

ತಗಡಿನ ಮಾಡಿನ ಎರಡು ಅಂಕಣದ ಮನೆ. ಬಾಗಿಲಲ್ಲಿ ಒಬ್ಬ ಮುದುಕಿ ಕಾಲು ಚಾಚಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಒಳಗೆ ಗೋಡೆಯ ಮೇಲೆ ನಿಜವಾಗಿಯೂ ಅಬ್ಬಾ. ಹಣೆಯಲ್ಲಿ ಕುಂಕುಮ ಇಟ್ಟುಕೊಂಡು, ಎಡ ಹುಬ್ಬು ಏರಿಸಿ, ಕದ್ದು ಉಂಡಿ ತಿಂದವರ ಹಾಗೆ ನಗುತ್ತಿದ್ದರು.

ನೀರಿನ ಲೋಟ ಹಿಡಿದು ಬಂದವಳು ದುರುಗಮ್ಮ. ಮೂವತ್ತರ ಆಸುಪಾಸಿನ ಹೆಂಗಸು. ಜಾಹೆದಾ ಮುಖ ನೋಡಲಿಲ್ಲ, ಕೈ ನೋಡಿದಳು. ಕಳೆ ಕಿತ್ತು, ಕಟ್ಟಿಗೆ ಒಡೆದು ಬೆಳೆದ ಕೈ. ಮುಂಗೈಯೇ ತೊಲೆಯಂತಿತ್ತು. ಎರಡು-ಎಂಟಕ್ಕೆ ಒಂದು ಕೂದಲೆಳೆಯೂ ಕಡಿಮೆ ಇಲ್ಲ.

ಜಾಹೆದಾ ಮೂಕಮ್ಮನ ಕಿವಿಯಲ್ಲಿ ಉಸುರಿದಳು. "ಈಕಿ ಅಲ್ಲಲೇ. ಇನ್ನೊಬ್ಬಾಕಿ ಅದಾಳ."

"ಯಪ್ಪಾ. ಮೂರನೇ ಮನೀನೂ ಅದೇನು?"

"ಏನು ಬರಕೊಂತೀರಿ ಬರಕೊಳ್ರಿ," ಎನ್ನುತ್ತ ದುರುಗಮ್ಮ ಎದುರಿಗೆ ಕೂತಳು. ಜಾಹೆದಾ ನೋಟ್‌ಬುಕ್ ತೆಗೆದಳು, ಏನು ಕೇಳಬೇಕೆಂದು ತಿಳಿಯದೆ ಎಡಗಡೆಯ ಹುಬ್ಬು ಏರಿಸಿದಳು. ದುರುಗಮ್ಮ ಗೋಡೆಯ ಫೋಟೋ ನೋಡಿದಳು, ಹುಬ್ಬು ನೋಡಿದಳು, ಮತ್ತೆ ಫೋಟೋ ನೋಡಿದಳು.

"ನೀ ನಮ್ಮಣ್ಣನ ಮಗಳಲ್ಲೇನು?"

ಜಾಹೆದಾ ನೋಟ್‌ಬುಕ್ ಮುಚ್ಚಿದಳು.

"ಅಣ್ಣ?" ಎಂದಳು.

"ಹಾಲಣ್ಣ," ಎಂದಳು ಬಾಗಿಲಲ್ಲಿದ್ದ ಮುದುಕಿ, ತಿರುಗಿಯೂ ನೋಡದೆ. ಆಕೆ ದುರುಗಮ್ಮನ ಅತ್ತೆ. "ಈಕಿ ಅವ್ವನ ಹಾಲು ಕುಡುದು ಬೆಳದಾನಂತ ನಿಮ್ಮಪ್ಪ. ನಮ್ಮ ಜಾತ್ಯಾಗ, ನಿಮ್ಮ ಜಾತ್ಯಾಗ, ಎರಡರಾಗೂ ಹಾಲು ಕುಡಿದ್ರ ಸಂಬಂಧ ಅಂತ ಹೇಳಿದ. ನಾ ಬಾಯಿ ಮುಚ್ಚಿಕೊಂಡೆ."

ಆಮೇಲೆ ದುರುಗಮ್ಮ ಹೇಳಿದ್ದು ಇಷ್ಟು. ಎಪ್ಪತ್ತೊಂದರಲ್ಲಿ ಅವಳಿಗೆ ಮೊದಲ ಮಗು ಹುಟ್ಟಿತು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತಿ ಮೂರು ತಿಂಗಳು ಅಲ್ಲೇ ಬೆಚ್ಚಗಿರಬೇಕು. ಅವಳಿಗೆ ಅಪ್ಪ, ಅವ್ವ, ಅಣ್ಣತಮ್ಮ ಯಾರೂ ಇರಲಿಲ್ಲ. ಹೆತ್ತು ಹನ್ನೊಂದನೆಯ ದಿನವೇ ಕೊಡ ತಲೆಗೆ ಬಂತು. ಸಂತೆಯ ದಿನ ರೋಗಿಗಳನ್ನು ನೋಡಲು ದೇವದುರ್ಗಕ್ಕೆ ಬರುತ್ತಿದ್ದ ಡಾಕ್ಟರರ ಸ್ಕೂಟರಿನ ಮುಂದೆಯೇ ಅವಳು ಕೊಡದ ಸಮೇತ ಬಿದ್ದಳು. ಅವರು ಮನೆಗೆ ಕರೆತಂದು ಅತ್ತೆಯನ್ನು ಬೈಯಲಿಲ್ಲ. ಹೊರಸಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ಇವಳು ನನ್ನ ಹಾಲುತಂಗಿ, ಎಷ್ಟು ವರ್ಷದಿಂದ ಹುಡುಕುತ್ತಿದ್ದೆ, ಇವತ್ತು ಸಿಕ್ಕಳು, ಎಂದರು. ತವರಿನವನಾಗಿ ನಾನು ಹೇಳುತ್ತಿದ್ದೇನೆ, ಮೂರು ತಿಂಗಳು ನನ್ನ ತಂಗಿ ಕೊಡ ಎತ್ತುವ ಹಾಗಿಲ್ಲ, ಎಂದರು. ಆ ವರ್ಷದ ಪಂಚಮಿಗೆ ಉಂಡಿ, ಬಳೆ ತಂದರು. ಒಮ್ಮೆ ತಂದ ಮೇಲೆ ಬಿಡುವ ಹಾಗಿರಲಿಲ್ಲ. ಹನ್ನೆರಡು ಪಂಚಮಿ ತಂದರು.

"ನೀವು ನಂಬಿಬಿಟ್ಟಿರೇನಬೇ?" ಮೂಕಮ್ಮ ಮುದುಕಿಯನ್ನು ಕೇಳಿದಳು.

"ನನಗೇನು ಲೆಕ್ಕ ಬರಂಗಿಲ್ಲೇನು?" ಮುದುಕಿ ಹುಣಸೆಬೀಜ ಒಗೆದಳು. "ಈಕಿ ಅವ್ವ ಇದ್ದಿದ್ರ ಡಾಕ್ಟರ್ಗಿಂತ ಒಂದು ವರ್ಷಕ್ಕ ಸಣ್ಣಾಕಿ. ತೊಟ್ಟಲದಾಗ ಇದ್ದಾಕಿ ಹಾಲು ಕುಡಿಸಿದ್ಲೇನು? ಮೊದಲ ದಿನ ಅಂವ ಎದ್ದು ಹೋದ ಮ್ಯಾಲ ಬೆರಳು ಎಣಿಸಿದೆ, ಆವತ್ತ ಗೊತ್ತಾತು."

"ಮತ್ತ ಯಾಕ ಸುಮ್ಮನಿದ್ರಿ?"

ಮುದುಕಿ ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡಳು. "ಸೊಸಿಗಿ ತವರಿಲ್ಲ ಅಂದ್ರ ಅತ್ತಿಗೂ ಬೀಗರಿಲ್ಲ ಅಲ್ಲೇನವ್ವ. ಅಂವ ಬಂದ್ರ ಮೊದಲು ನನ್ನ ಮೊಣಕಾಲು ಹಿಡುದು ನೋಡ್ತಿದ್ದ. ಬೀಗಿತ್ತಿ, ಹೆಂಗ ಅದೀರಿ, ಅಂತಿದ್ದ. ಇಡೀ ಓಣಿ ಕೇಳಂಗ ಅಂತಿದ್ದ. ರವಾ ಉಂಡಿನೂ ಚಲೋ ಇರ್ತಿದ್ವು."

ಜಾಹೆದಾಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಆದರೆ ಮುಳ್ಳು ಇನ್ನೂ ಉಳಿದಿತ್ತು. "ಅತ್ತಿ," ಎಂದಳು, ಅಬ್ಬಾನ ತಂಗಿ ಎಂದರೆ ಅತ್ತೆಯೇ ಅಲ್ಲವೇ, "ಹಂಗಾರ ಎರಡು-ಎರಡು ಬಳಿ ಯಾರ್ದು?"

ದುರುಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ಗಬ್ಬೂರಾಕಿದು. ಗುಬ್ಬಿಮರಿ ಇದ್ದಂಗ ಅದಾಳ."

"ನಮ್ಮೂರಾಕಿ?" ಮೂಕಮ್ಮ ಕೂತಲ್ಲೇ ಜಿಗಿದಳು.

"ಪೋತ್ನಾಳದಾಕಿಗಿ ಎರಡು-ಆರು. ಕಲ್ಲೂರಾಗ ಇಬ್ರು ಅದಾರ, ಎರಡು-ನಾಕು. ಉಳಿದಿಬ್ರಿಗಿ ನನ್ನಂಗ ಎರಡು-ಎಂಟು. ಒಟ್ಟು ಏಳು ಮಂದಿ ಅದೀವಿ. ಏಳು ಮಂದಿಗೂ ತವರಿಲ್ಲ, ಏಳು ಮಂದಿ ಅವ್ವಂದಿರೂ ಅಣ್ಣಗ ಹಾಲು ಕುಡಿಸ್ಯಾರ. ಒಬ್ರದು ಒಬ್ರಿಗಿ ಗೊತ್ತಿರಲಿಲ್ಲ. ಒಂದು ವರ್ಷ ಅಣ್ಣ ಪುಡಿಕಿ ಅದಲು ಬದಲು ಮಾಡಿಬಿಟ್ಟ. ಗಬ್ಬೂರಾಕಿ ಬಳಿ ನನಗ ಬಂತು, ನನ್ನ ಬಳಿ ಆಕಿಗಿ ಹೋತು. ಆಕಿ ಹಾಕ್ಕೊಂಡ್ರ ಮೊಣಕೈ ದಾಟಿ ಭುಜಕ್ಕ ಹೋತಂತ. ಪುಡಿಕಿ ಮ್ಯಾಲ ಬರದಿದ್ದ ನನ್ನ ಹೆಸರು, ಊರು ಹುಡುಕ್ಕೋಂತ ಬಸ್ ಹತ್ತಿ ಬಂದ್ಲು. ಆವಾಗ ಕಳ್ಳ ಸಿಕ್ಕ."

ಸತ್ತಾರ್ ಸಾಬ್ ಹಿಂದಿನಿಂದ ಕೂಗಿದ್ದು ಇದನ್ನೇ. ನಿಂತು ಕೇಳಿದ್ದರೆ ಒಂದು ಬಸ್ಸಿನ ಕಣ್ಣೀರು ಉಳಿಯುತ್ತಿತ್ತು.

"ನಮ್ಮ ಅಮ್ಮಿಗಿ ಯಾಕ ಮುಚ್ಚಿಟ್ರು?"

"ನಾನೂ ಅಣ್ಣನ್ನ ಕೇಳೀನಿ. ನನ್ನ ಹೆಂಡ್ತಿಗಿ ಗೊತ್ತಾದ್ರ ಏಳೂ ಮಂದೀನ ಮನಿಗಿ ಕರಕೊಂಡು ಬಂದು, ಒಲಿ ಮುಂದ ಕುಂತು ಹದಿನೈದು ದಿನ ಕರಿದ ಹಾಕ್ತಾಳ, ಆಕಿಗಿ ದಮ್ಮು ಅದ, ಹೊಗಿ ಆಗಂಗಿಲ್ಲ, ಅಂದ. ನಿಮಗ ತವರು ಬೇಕು ಖರೇ, ನನಗ ಆಕಿ ಬೇಕು, ಅಂದ."

ಜಾಹೆದಾ ಗೋಡೆಯ ಫೋಟೋದ ಕಡೆ ತಿರುಗಿದಳು. ಮೂಕಮ್ಮ ಬಾಯಿ ಮುಚ್ಚಿಕೊಂಡು ಕೂತಳು. ಅವಳ ಜೀವನದಲ್ಲಿ ಅದು ದೊಡ್ಡ ಘಟನೆ.

ಹೊರಡುವಾಗ ದುರುಗಮ್ಮ ಹೇಳಿದಳು. "ಈ ವರ್ಷ ಬಳಿ ತರೋರಿಲ್ಲ. ಅದಕ್ಕ ನಾಳೆ ಪಂಚಮಿಗಿ ಏಳೂ ಮಂದಿ ಇಲ್ಲೇ ನಮ್ಮ ಮನ್ಯಾಗ ಸೇರ್ತೀವಿ. ಹಬ್ಬ ಮಾಡಾಕಲ್ಲ. ಅಣ್ಣನ ಸುಳ್ಳು ಎಲ್ಲಾ ಒಂದೊಂದ ನೆನಸ್ಕೊಂತ ಕುಂದ್ರಾಕ."

ಬಸ್ಸು ಮಾನ್ವಿ ಮುಟ್ಟಿದಾಗ ಐದೂವರೆ. ಮನೆಯ ಹೊಸ್ತಿಲಲ್ಲಿ ಮುನವ್ವರ್ ಬೀಯ ಚಪ್ಪಲಿ ಇತ್ತು. ತಡವಾಗಿತ್ತು.

ಮುನವ್ವರ್ ಬೀ ತನ್ನ ಕೆಲಸ ಮುಗಿಸಿ ಗೋಡೆಗೊರಗಿ ಕೂತಿದ್ದಳು. ಅಮ್ಮಿ ಚಾಪೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮುಂಗೈ ಬರಿದಾಗಿತ್ತು. ಅಬ್ಬಾನ ಗಡಿಯಾರ ಗೂಡಿನಲ್ಲಿ, ಮುಖ ಕೆಳಗೆ ಮಾಡಿ ಬಿದ್ದಿತ್ತು. ಮನೆಯಲ್ಲಿ ಅವರು ದಖನಿ ಉರ್ದುವನ್ನೇ ಆಡುತ್ತಿದ್ದುದು. ಆದರೆ ಅಮ್ಮಿ ಮೂಕಮ್ಮನನ್ನು ನೋಡಿ, ಅವಳಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಕೇಳಿದಳು.

"ಬರ್ರಿ. ನಿಮ್ಮಪ್ಪನ ಎರಡನೇ ಮನಿ ಹೆಂಗದ? ಬಿಸಿಲು ಬೀಳ್ತದೇನು?"

"ತೋಬಾ ತೋಬಾ," ಎಂದಳು ಮುನವ್ವರ್ ಬೀ.

"ಎರಡಲ್ಲ ಅಮ್ಮಿ," ಎಂದಳು ಜಾಹೆದಾ. "ಏಳು."

ಮುನವ್ವರ್ ಬೀ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಜಾಹೆದಾ ನಿಂತಲ್ಲೇ ಎಲ್ಲ ಹೇಳಿದಳು. ಕೊಡ, ಹಾಲು, ಅದಲು ಬದಲಾದ ಬಳೆ, ಬೀಗಿತ್ತಿಯ ಮೊಣಕಾಲು. ಮರೆತಲ್ಲಿ ಮೂಕಮ್ಮ ಸೇರಿಸಿದಳು, ಮರೆಯದಲ್ಲೂ ಸೇರಿಸಿದಳು. ಅಮ್ಮಿ ಅಕ್ಕಿಯಿಂದ ಕಣ್ಣೆತ್ತಲಿಲ್ಲ. ಕೊನೆಗೆ ದುರುಗಮ್ಮ ಹೇಳಿದ ಮಾತು ಬಂತು. ನಿಮಗ ತವರು ಬೇಕು ಖರೇ, ನನಗ ಆಕಿ ಬೇಕು. ಅಮ್ಮಿಯ ಬೆರಳು ಅಕ್ಕಿಯಲ್ಲಿ ಸುಮ್ಮನಾದವು.

"ಉಂಡಿ ಅವರು ತಿಂದಿಲ್ಲ ಅಂತ ನನಗ ಮೊದಲಿಂದ ಗೊತ್ತಿತ್ತು," ಎಂದಳು. "ಮೂತ್ರದಾಗ ಸಕ್ಕರಿ ನೋಡೋ ನೀಲಿ ಔಷಧ ನನ್ನ ಕೈಲೇ ಕಾಸಿಸ್ತಿದ್ರಲ್ಲ. ಸಕ್ಕರಿ ಇದ್ರ ಬಣ್ಣ ಇಟ್ಟಂಗಿಯಂಗ ಆಗಬೇಕು. ನಲವತ್ತು ಉಂಡಿ ತಿಂದ ಮನುಷ್ಯಾಂದು ವರ್ಷಾ ಆಕಾಶದಂಗ ನೀಲಿ. ದವಾಖಾನಿ ಹುಡುಗರಿಗಿ ಹಂಚ್ತಾರ ಅಂತ ತಿಳಕೊಂಡಿದ್ದೆ."

"ಗೊತ್ತಿದ್ದೂ ಹಾಗಲಕಾಯಿ ತಿನ್ನಿಸಿದ್ಯಾ?"

"ಸುಳ್ಳು ಹೇಳಿದ್ದಕ್ಕ ತಿನ್ನಿಸಿದೆ. ಉಂಡಿಗಲ್ಲ."

ಮೂಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಮ್ಮಿ ಎದ್ದು ಗೂಡಿನ ಹತ್ತಿರ ಹೋದಳು. ಬೆನ್ನು ಇವರ ಕಡೆಗಿತ್ತು. ಗಡಿಯಾರಕ್ಕೆ ಕೀಲಿ ಕೊಡುವ ಕಿರ್ ಕಿರ್ ಸಪ್ಪಳ ಬಹಳ ಹೊತ್ತು ಕೇಳಿಸಿತು, ಬೇಕಾದ್ದಕ್ಕಿಂತ ಬಹಳ ಹೊತ್ತು. ತಿರುಗಿದಾಗ ಅದು ಮುಂಗೈ ಮೇಲಿತ್ತು, ಮುಖದಲ್ಲಿ ಸಿಟ್ಟಿತ್ತು.

"ನನಗ ದಮ್ಮು ಅಂತ ಏಳು ಮಂದಿ ನಾದಿನ್ಯಾರನ್ನ ಮುಚ್ಚಿಟ್ಟಾರ. ಏಳು ಮಂದಿಗಿ ಕರಿದು ಹಾಕಿದ್ರ ನಾ ಸತ್ತು ಹೋಗ್ತಿದ್ದೆ ಏನು? ಅವರ ಮೊದಲ ಹೋದ್ರು, ನಾ ಇನ್ನೂ ಕೆಮ್ಮಾಕತ್ತ ಅದೀನಿ."

"ಈಗೇನು ಮಾಡೋಣು ಅಮ್ಮಿ?"

"ಮಾಡೋದೇನು. ತವರಿನವರು ಬರಬೇಕಲ್ಲ, ಬರ್ತೀವಿ. ಮುನವ್ವರ್, ಎದ್ದೇಳು. ಓಣಿಯಾಗ ಯಾರ್‍ಯಾರ ಮನಿಗಿ ಉಂಡಿ ಬಂದಾವ, ಎಲ್ಲಾ ಕೂಡಿಸು. ಇಷ್ಟು ತನಕ ಸುದ್ದಿ ಹಂಚೀದಿ, ಈಗ ಡಬ್ಬಿ ತುಂಬು. ನಾಳೆ ನೀನೂ ಬರ್ತಿ."

ಮುನವ್ವರ್ ಬೀ ಎದ್ದಳು. ನಾಳೆ ಇಂಥ ಜಾಗಕ್ಕೆ ತನ್ನನ್ನು ಬಿಟ್ಟು ಹೋದರೆ ಅವಳಿಗೆ ಹುಚ್ಚೇ ಹಿಡಿಯುತ್ತಿತ್ತು.

"ಜಾಹೆದಾ, ನೀ ಸತ್ತಾರ್ ಚಾಚಾನ ಹತ್ರ ಹೋಗು. ಹಸಿರು ಬಳಿ, ಎಲ್ಲಾ ಅಳತಿ ಕಟ್ಕೊಂಡು ಅವರ ಬರಲಿ. ಆಕಿ ಕೈಗಿ ಈಕಿದು, ಈಕಿ ಕೈಗಿ ಆಕಿದು ಆಗಬಾರದು. ನಿಮ್ಮಪ್ಪಗ ಆ ಒಂದು ಕೆಲಸ ಬರತಿರಲಿಲ್ಲ."

"ಆತು."

"ಬರೋ ಮುಂದ ಎರಡು ಕಿಲೋ ಹಾಗಲಕಾಯಿ ತಗೊಂಬಾ. ಎಳೇವು ಬ್ಯಾಡ, ಕಹಿ ಇರೋವು ನೋಡಿ ತಗೋ."

"ಹಾಗಲಕಾಯಿ ಯಾಕ?"

"ಹನ್ನೆರಡು ವರ್ಷ ಅವರ ಪಾಲಿಂದು ನಿಮ್ಮಪ್ಪ ತಿಂದಾರ," ಎಂದಳು ಸುಗ್ರಾ ಬೇಗಂ, ಅಕ್ಕಿಯ ಮೊರ ಕೈಗೆತ್ತಿಕೊಳ್ಳುತ್ತ. ತುಟಿಯ ಮೂಲೆಯಲ್ಲಿ ಫೋಟೋದಲ್ಲಿದ್ದ ನಗೆಯೇ ಇತ್ತು. "ಏಳು ಮಂದಿ ಸಾಲಾಗಿ ಕುಂದ್ರಲಿ. ಮೊದಲು ನನ್ನ ಕೈಲೇ ಒಂದೊಂದು ತುತ್ತು ಪಲ್ಯ, ಆಮ್ಯಾಲ ಉಂಡಿ. ಮುಖ ಹಿಂಡಿದಾಕಿಗಿ ಎರಡು ತುತ್ತು."

ಜಾಹೆದಾ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಸತ್ತಾರ್ ಸಾಬ್ ಅಂಗಡಿಯ ಹಲಗೆ ಹಾಕುತ್ತಿದ್ದರು. ಅವಳು ಉಸಿರು ಬಿಗಿಹಿಡಿದು ಎಲ್ಲ ಅಳತೆ ಹೇಳಿದಳು. ಮುದುಕರು ಒಂದೊಂದಕ್ಕೂ ತಲೆಯಾಡಿಸಿದರು. ಇಷ್ಟನ್ನೇ ತಾನು ಬೆಳಿಗ್ಗೆ ಹೇಳಲು ಹೊರಟಿದ್ದೆ, ಈಗಿನ ಹುಡುಗಿಯರಿಗೆ ತಾಳ್ಮೆ ಇಲ್ಲ, ಎಂದರು. ನೆನಪು ಯಾರಿಗಿದೆ ಯಾರಿಗಿಲ್ಲ ಎನ್ನುವುದನ್ನು ಆ ಗಬ್ಬೂರಿನ ಹುಡುಗಿಗೂ ಹೇಳು, ಎಂದರು.

"ನೀವ ಹೇಳ್ರಿ ಚಾಚಾ, ಆಕಿನೂ ಬರ್ತಾಳ. ದೇವದುರ್ಗದ ಬಸ್ಸು, ನಾಳೆ ಮುಂಜಾನಿ ಒಂಬತ್ತಕ್ಕ. ಬಸ್ ಸ್ಟ್ಯಾಂಡಿನ್ಯಾಗ ಬೇವಿನ ಗಿಡದ ಬುಡಕ್ಕ ಇರ್ರಿ. ತಡ ಮಾಡಬ್ಯಾಡ್ರಿ, ಅಮ್ಮಿ ಕೈಯಾಗ ಗಡಿಯಾರ ಅದ."